ಒಂಟಿ ಸಂಪುಟದ ಸ್ಟೀವನ್‌ಸನ್: ಹಳೆಯ ಜೀವನಚರಿತ್ರೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಗ್ರಹಾಂ ಬಾಲ್ಫೋರ್ ಬರೆದ, ‘ಟ್ರೆಷರ್ ಐಲ್ಯಾಂಡ್’ ಖ್ಯಾತಿಯ ಸ್ಕಾಟಿಷ್ ಲೇಖಕ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ ಜೀವನಚರಿತ್ರೆಯ ಮೊದಲ ಸಂಪುಟ ಸಿಕ್ಕಿತು. ಎರಡನೆಯದು ಇರಲಿಲ್ಲ. ಸ್ಟೀವನ್‌ಸನ್ನನ ಬಾಲ್ಯ ಮತ್ತು ಎಳೆಹರೆಯದ ಬಗ್ಗೆ ಕನ್ನಡದಲ್ಲಿ ದೊಡ್ಡ ಲೇಖನ ಬರೆಯುವ ಆಸೆಯಿದೆ. ಇದೊಂದನ್ನೇ ನೆಚ್ಚಿಕೊಂಡು ಬರೆಯಬಹುದೇ? ಪುಸ್ತಕದ ರಟ್ಟು ಸಡಿಲವಾಗಿದೆ, ಹಾಳೆಗಳಲ್ಲಿ ಕಂದು ಚುಕ್ಕೆಗಳಿವೆ. ಅದಕ್ಕೇನು ಮಾಡಬೇಕು?

ಉತ್ತರ: ಎರಡನೆಯ ಸಂಪುಟಕ್ಕಾಗಿ ಅಲೆಯಬೇಡಿ. ನಿಮ್ಮ ಲೇಖನಕ್ಕೆ ಬಾಲ್ಫೋರ್‌ನಿಂದ ಬೇಕಾದದ್ದೆಲ್ಲ ನಿಮ್ಮ ಕೈಯಲ್ಲಿರುವ ಸಂಪುಟದಲ್ಲೇ ಇದೆ. ಅದು ವಂಶದ ಕಥೆಯಿಂದ ಶುರುವಾಗಿ 1884ರ ತನಕ ಬರುತ್ತದೆ. ಮೊದಲ ಆರು ಅಧ್ಯಾಯಗಳೊಳಗೇ ಬಾಲ್ಯ, ಶಾಲೆ, ಕಾಲೇಜು, ವಕೀಲಿಕೆಯ ಸನ್ನದು ಎಲ್ಲ ಮುಗಿಯುತ್ತದೆ. ಎರಡನೆಯದರಲ್ಲಿರುವುದು ಬೋರ್ನ್‌ಮತ್, ಅಮೆರಿಕ, ಪೆಸಿಫಿಕ್ ದ್ವೀಪಗಳು ಮತ್ತು ಸಮೋವಾದಲ್ಲಿ ಬಂದ ಸಾವು.

ನಂಬಬಹುದೇ ಎಂಬುದಕ್ಕೆ ಒಂದೇ ಮಾತಿನಲ್ಲಿ ಉತ್ತರವಿಲ್ಲ. ತಾರೀಖು, ವಿಳಾಸ, ಪ್ರಯಾಣ, ಶಾಲೆಯ ಹೆಸರು ಇವುಗಳನ್ನು ಬಹುಮಟ್ಟಿಗೆ ನಂಬಿ. ಮನೆಯೊಳಗಿನ ಜಗಳ, ದೇವರ ಬಗೆಗಿನ ಸಂಶಯ, ಹೆಂಗಸರ ಸಹವಾಸ ಇವುಗಳ ಮಟ್ಟಿಗೆ ಬಾಲ್ಫೋರ್ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಹೆಚ್ಚು. ಅವನು ಸುಳ್ಳು ಹೇಳುವವನಲ್ಲ. ಆದರೆ ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಾಲ್ಫೋರ್ (1858–1929) ಸ್ಟೀವನ್‌ಸನ್ನನ ತಾಯಿಯ ಕಡೆಯ ನೆಂಟ, ಅವನಿಗಿಂತ ಸುಮಾರು ಎಂಟು ವರ್ಷ ಚಿಕ್ಕವನು. ಇಬ್ಬರ ಹತ್ತಿರದ ಒಡನಾಟ ಬೆಳೆದದ್ದು 1892ರಲ್ಲಿ, ಬಾಲ್ಫೋರ್ ಸಮೋವಾಕ್ಕೆ ಹೋಗಿ ಸ್ಟೀವನ್‌ಸನ್ನನ ವೈಲಿಮಾ ಮನೆಯಲ್ಲಿ ಉಳಿದ ಮೇಲೆ. ಅಂದರೆ ಎಡಿನ್‌ಬರೋದ ಆ ರೋಗಿಷ್ಠ ಹುಡುಗನನ್ನು ಲೇಖಕ ಕಣ್ಣಾರೆ ಕಂಡವನಲ್ಲ. ಜೀವನಚರಿತ್ರೆಯನ್ನು ಮೊದಲು ಬರೆಯಬೇಕಾಗಿದ್ದವನು ಸ್ಟೀವನ್‌ಸನ್ನನ ಹಳೆಯ ಗೆಳೆಯ ಸಿಡ್ನಿ ಕಾಲ್ವಿನ್. ಕೆಲಸ ಎಳೆದಾಡಿ, ಮನೆಯವರೊಂದಿಗೆ ಮನಸ್ತಾಪವಾಗಿ, ಹೊಣೆ ಬಾಲ್ಫೋರ್‌ನ ಹೆಗಲಿಗೆ ಬಿತ್ತು. ಸ್ಟೀವನ್‌ಸನ್ನನ ಹೆಂಡತಿ ಫ್ಯಾನಿ ಇನ್ನೂ ಬದುಕಿದ್ದಳು, ಕಾಗದಪತ್ರ ಅವಳ ಮತ್ತು ಅವಳ ಮಗನ ಹಿಡಿತದಲ್ಲಿತ್ತು. ಪುಸ್ತಕ 1901ರಲ್ಲಿ ಹೊರಬಂತು.

ಹಾಗಾಗಿ ಪುಟ ತಿರುವುವ ಮೊದಲು ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಳ್ಳಿ: ಬಾಲ್ಫೋರ್ ಬರೆಯುವಾಗ ಯಾರು ಬದುಕಿದ್ದರು? ತಂದೆ ಥಾಮಸ್ 1887ರಲ್ಲೇ ತೀರಿಕೊಂಡಿದ್ದ. ತಾಯಿ ಮಾರ್ಗರೆಟ್ 1897ರಲ್ಲಿ ಹೋದಳು, ಆದರೆ ಅವಳ ದಿನಚರಿಗಳು ಉಳಿದಿದ್ದವು. ಇಂಜಿನಿಯರಿಂಗ್ ಪ್ರಾಧ್ಯಾಪಕ ಫ್ಲೀಮಿಂಗ್ ಜೆಂಕಿನ್ 1885ರಲ್ಲಿ, ಆಟದ ಜೊತೆಗಾರನಾಗಿದ್ದ ದೊಡ್ಡಪ್ಪನ ಮಗ ಬಾಬ್ 1900ರಲ್ಲಿ ತೀರಿಕೊಂಡರು. ಉಳಿದವರು ಸಾಕಿದ ದಾದಿ ಆಲಿಸನ್ ಕನಿಂಗ್‌ಹ್ಯಾಮ್, ತಾಯಿಯ ಅಕ್ಕ ಜೇನ್ ಬಾಲ್ಫೋರ್, ಸಹಪಾಠಿ ಚಾರ್ಲ್ಸ್ ಬ್ಯಾಕ್ಸ್‌ಟರ್ ಮತ್ತು ಕಾಲ್ವಿನ್. ಈಗ ಪ್ರತಿ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದಕ್ಷರ ಬರೆಯುತ್ತ ಹೋಗಿ: ತಾಯಿಯ ದಿನಚರಿಯಾದರೆ ‘ತಾ’, ಸ್ಟೀವನ್‌ಸನ್ನನೇ ಮುಂದೆ ಬರೆದ ಪ್ರಬಂಧವಾದರೆ ‘ಸ್ವ’, ದಾದಿಯ ನೆನಪಾದರೆ ‘ದಾ’, ಆ ಕಾಲದ ಪತ್ರವಾದರೆ ‘ಪ’. ಬೇರು ಕಾಣದ ಮಾತಿಗೆ ಪ್ರಶ್ನಾರ್ಥಕ ಚಿಹ್ನೆ. ನಿಮ್ಮ ಪ್ರತಿಯ ಮೇಲೆ ಬರೆಯಲು ಮನಸ್ಸಿಲ್ಲದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಇದೇ ಪುಸ್ತಕದ ಸ್ಕ್ಯಾನ್ ಪುಕ್ಕಟೆ ಸಿಗುತ್ತದೆ, ಬೇಕಾದ ಪುಟಗಳನ್ನು ಮುದ್ರಿಸಿಕೊಳ್ಳಿ.

ಇವುಗಳಲ್ಲಿ ಗಟ್ಟಿ ಆಧಾರ ತಾಯಿಯ ದಿನಚರಿ. ಮಗ ಯಾವಾಗ ಕೆಮ್ಮಿದ, ಯಾವ ಊರಿಗೆ ಹವಾ ಬದಲಾವಣೆಗೆ ಹೋದರು ಎಂಬುದೆಲ್ಲ ಅವಳು ಅಂದಂದೇ ಬರೆದಿಟ್ಟದ್ದು. 1856ರ ಕೊನೆಯಲ್ಲಿ ಆರು ವರ್ಷದ ಹುಡುಗ ಬಾಯಲ್ಲಿ ಹೇಳಿ ತಾಯಿಯ ಕೈಯಲ್ಲಿ ಬರೆಸಿದ ‘ಮೋಶೆಯ ಚರಿತ್ರೆ’ಯ ಸಂಗತಿ ಹೀಗೆ ಬಂದದ್ದು. ಮಕ್ಕಳಲ್ಲಿ ಯಾರು ಚೆನ್ನಾಗಿ ಬರೆಯುತ್ತಾರೋ ಅವರಿಗೆ ಬಹುಮಾನ ಎಂದು ದೊಡ್ಡಪ್ಪ ಡೇವಿಡ್ ಹೇಳಿದ್ದ. ಅಕ್ಷರ ಜೋಡಿಸಲು ಬಾರದ ಪೋರನೂ ಪೈಪೋಟಿಗಿಳಿದ. ಇದರಲ್ಲಿ ಘಟನೆ ನಿಜ. ಆದರೆ ಆವತ್ತಿನಿಂದಲೇ ಲೇಖಕನಾಗುವ ಹಂಬಲ ಹುಟ್ಟಿತು ಎಂಬುದು ತಾಯಿಯ ವ್ಯಾಖ್ಯಾನ. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಬೇಡಿ.

ದಿನಚರಿಗೂ ಒಂದು ಮಿತಿಯಿದೆ. ಅದು ಮನೆಯ ಮರ್ಯಾದೆ ಕಾಯುವ ಹೆಂಗಸಿನ ಬರಹ. 1871ರ ಏಪ್ರಿಲ್ 8ರಂದು ಮಗ ತಂದೆಗೆ ‘ಇಂಜಿನಿಯರಿಂಗ್ ನನ್ನಿಂದಾಗದು, ಸಾಹಿತ್ಯ ಬೇಕು’ ಎಂದು ತಿಳಿಸಿದ. ಥಾಮಸ್ ಅದನ್ನು ಆಶ್ಚರ್ಯವಾಗುವಷ್ಟು ಸಮಾಧಾನದಿಂದ ಒಪ್ಪಿಕೊಂಡ ಎಂದು ದಿನಚರಿ ಹೇಳುತ್ತದೆ. ಕೇವಲ ಹನ್ನೆರಡು ದಿನ ಹಿಂದೆ, ಮಾರ್ಚ್ 27ರಂದು, ಇದೇ ಮಗ ರಾಯಲ್ ಸ್ಕಾಟಿಷ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ದೀಪಸ್ತಂಭದ ಮಿನುಗು ದೀಪದ ಹೊಸ ವಿನ್ಯಾಸದ ಬಗ್ಗೆ ಪ್ರಬಂಧ ಓದಿದ್ದ. ಅದಕ್ಕೆ ಬೆಳ್ಳಿ ಪದಕವೂ ಬಂತು. ದೀಪಸ್ತಂಭ ಕಟ್ಟುವ ಮೂರು ತಲೆಮಾರಿನ ಕಸುಬು ಕೈತಪ್ಪುವುದನ್ನು ಕಂಡ ತಂದೆಯ ಮನಸ್ಸಿನೊಳಗೆ ಏನಾಯಿತು ಎಂದು ಆ ಸಾಲು ಹೇಳುವುದಿಲ್ಲ. ಅವನ ಷರತ್ತು ಮಾತ್ರ ಗೊತ್ತು: ಬರವಣಿಗೆಯನ್ನೇ ನಂಬಿಕೊಳ್ಳುವ ಹಾಗಿಲ್ಲ, ವಕೀಲಿಕೆ ಓದಬೇಕು. 1875ರ ಜುಲೈನಲ್ಲಿ ಸನ್ನದು ಸಿಕ್ಕಿತು. ಆ ಕಸುಬನ್ನು ಮಗ ಮಾಡಲಿಲ್ಲ ಎಂದೇ ಹೇಳಬೇಕು.

ಎರಡನೆಯ ಆಧಾರ ಸ್ಟೀವನ್‌ಸನ್ನನ ಸ್ವಂತ ಬರಹ. ಓದಲು ಅತ್ಯಂತ ರುಚಿಯಾದದ್ದು ಇದೇ, ಹೆಚ್ಚು ಎಚ್ಚರ ಬೇಕಾದದ್ದೂ ಇದಕ್ಕೇ. 1887ರ ‘ಮೆಮೊರೀಸ್ ಅಂಡ್ ಪೋರ್ಟ್ರೇಟ್ಸ್’ ಸಂಕಲನದ ಪ್ರಬಂಧಗಳನ್ನು ಹೊರಡಿಸುವ ಹೊತ್ತಿಗೆ ಅವನು ಮೂವತ್ತು ದಾಟಿ ವರ್ಷಗಳಾಗಿದ್ದ, ಪಳಗಿದ ಕಥೆಗಾರನಾಗಿದ್ದ. ಕಾಲಿಂಟನ್ ಹಳ್ಳಿಯ ಪಾದ್ರಿ ಮನೆಯನ್ನೇ ತೆಗೆದುಕೊಳ್ಳಿ. ತಾಯಿಯ ತಂದೆ ಲೂಯಿಸ್ ಬಾಲ್ಫೋರ್ ಅಲ್ಲಿಯ ಪಾದ್ರಿ. ಆತ 1860ರಲ್ಲಿ ತೀರಿಕೊಂಡಾಗ ಮೊಮ್ಮಗನಿಗೆ ಒಂಬತ್ತು ವರ್ಷ. ಹೊಳೆ, ಸ್ಮಶಾನದ ಗೋಡೆ, ಕತ್ತಲೆ ಮರ ಎಲ್ಲ ಇರುವ ಆ ಚಿತ್ರ ಬಹುಪಾಲು ಒಂಬತ್ತು ವರ್ಷದೊಳಗಿನ ಮಗುವಿನ ನೆನಪನ್ನು ಮೂವತ್ತು ದಾಟಿದ ಲೇಖಕ ತಿದ್ದಿ ತೀಡಿದ್ದು. ಇಲ್ಲಿ ನಮ್ಮ ಕಡೆಗೂ ಒಂದು ಎಳೆಯಿದೆ. ಸೋದರಮಾವಂದಿರಲ್ಲಿ ಕೆಲವರು ಇಂಡಿಯಾದಲ್ಲಿ ಕೆಲಸದಲ್ಲಿದ್ದರು, ಅವರ ಮಕ್ಕಳನ್ನು ಕಾಲಿಂಟನ್ನಿಗೆ ಕಳಿಸುತ್ತಿದ್ದರು, ದೊಡ್ಡಮ್ಮ ಜೇನ್ ಅವರನ್ನೆಲ್ಲ ಸಾಕಿದಳು. 1885ರ ಮಕ್ಕಳ ಪದ್ಯಸಂಕಲನದ ಕೊನೆಯ ಪುಟಗಳಲ್ಲಿ ಈ ಮನೆಯೂ ಈ ಮಕ್ಕಳೂ ಇದ್ದಾರೆ. ಲೇಖನಕ್ಕೆ ಕನ್ನಡ ಓದುಗರನ್ನು ಒಳಗೆ ಕರೆಯುವ ಬಾಗಿಲು ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ಬಾಬ್ ಜೊತೆಗಿನ ಗಂಜಿಯ ಆಟವೂ ಇದೇ ಜಾತಿಯದು. ಬೆಳಗಿನ ಓಟ್ಸ್ ಗಂಜಿಗೆ ಒಬ್ಬ ಸಕ್ಕರೆ ಹಾಕಿಕೊಂಡು ತನ್ನ ದೇಶ ಹಿಮದಲ್ಲಿ ಹೂತುಹೋಗುತ್ತಿದೆ ಎನ್ನುವನು. ಇನ್ನೊಬ್ಬ ಹಾಲು ಹಾಕಿಕೊಂಡು ತನ್ನ ದೇಶಕ್ಕೆ ನೆರೆ ಬಂತೆನ್ನುವನು. ತಟ್ಟೆಯೊಳಗೆ ದ್ವೀಪಗಳು ಮುಳುಗುತ್ತಿರುತ್ತವೆ, ಬಂದರುಗಳು ಕೊಚ್ಚಿ ಹೋಗುತ್ತಿರುತ್ತವೆ, ಒಂದೊಂದು ಚಮಚಕ್ಕೂ ಹೊಸ ಸುದ್ದಿ. ಎಡಿನ್‌ಬರೋದ ಹೆರಿಯಟ್ ರೋ ಬೀದಿಯ ಮನೆಗೆ ಬರುವ ಮುಂಚಿನ ಮನೆಯಲ್ಲಿ ಬಾಬ್ ಒಂದು ಚಳಿಗಾಲ ಇವರೊಂದಿಗಿದ್ದ. ಆಟದ ವಿವರ ನಮಗೆ ಸಿಗುವುದು ಸ್ಟೀವನ್‌ಸನ್ 1878ರಲ್ಲಿ ಮಕ್ಕಳ ಆಟದ ಬಗ್ಗೆ ಬರೆದ ಪ್ರಬಂಧದಿಂದ. ಬಳಸಿ, ತಪ್ಪಿಲ್ಲ, ಆದರೆ ‘ಸ್ಟೀವನ್‌ಸನ್ ನೆನೆಯುವಂತೆ’ ಎಂಬ ಮಾತು ಸೇರಿಸಿ.

ಹ್ಯಾಜ್ಲಿಟ್, ಲ್ಯಾಂಬ್, ಡೆಫೋ, ಹಾಥಾರ್ನ್, ಮೊಂಟೇನ್ ಮುಂತಾದವರನ್ನು ಕೋತಿಯಂತೆ ಅನುಕರಿಸಿ ಬರೆಯಲು ಕಲಿತೆ ಎಂಬ ಅವನ ಪ್ರಸಿದ್ಧ ಮಾತೂ ಇಂಥದ್ದೇ. ಎಲ್ಲ ಜೀವನಚರಿತ್ರೆಗಳೂ ಅದನ್ನು ಎತ್ತಿಕೊಂಡವು. ಅದು ಯಶಸ್ಸು ಕಂಡ ಲೇಖಕ ಹಿಂತಿರುಗಿ ನೋಡಿ ಕೊಟ್ಟ ಹೇಳಿಕೆ, ವಿದ್ಯಾರ್ಥಿಯ ನೋಟ್‌ಬುಕ್ ಅಲ್ಲ. ಅದಕ್ಕೆ ಹೋಲಿಸಿದರೆ 1868ರಲ್ಲಿ ಆನ್‌ಸ್ಟ್ರದರ್ ಮತ್ತು ವಿಕ್ ಬಂದರುಗಳಿಂದ ಮನೆಗೆ ಬರೆದ ಪತ್ರಗಳು ಹೆಚ್ಚು ಬೆಲೆಯವು. ವಿಕ್‌ನಲ್ಲಿ ಮುಳುಗುಗಾರರ ಉಡುಪು ತೊಟ್ಟು ಸಮುದ್ರದ ತಳಕ್ಕಿಳಿದದ್ದನ್ನು ಅವನು ವರ್ಷಗಳ ನಂತರ ಪ್ರಬಂಧವಾಗಿಸಿದ. ಪತ್ರ ಮತ್ತು ಪ್ರಬಂಧ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ನೆನಪು ಎಲ್ಲಿ ಕಥೆಯಾಗುತ್ತದೆಂದು ತಾನಾಗಿಯೇ ಕಾಣುತ್ತದೆ.

ದಾದಿ ಕನಿಂಗ್‌ಹ್ಯಾಮ್ ವಿಷಯ ಸ್ವಲ್ಪ ನಾಜೂಕು. ಫೈಫ್ ಪ್ರಾಂತ್ಯದ ಟಾರಿಬರ್ನ್ ಊರಿನ ಈಕೆ 1852ರಲ್ಲಿ, ಹುಡುಗನಿಗೆ ಒಂದೂವರೆ ವರ್ಷವಿದ್ದಾಗ ಮನೆಗೆ ಬಂದಳು. ರಾತ್ರಿಯೆಲ್ಲ ಕೆಮ್ಮುವ ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತು ಎದುರು ಬೀದಿಯ ಬೆಳಗಿದ ಕಿಟಕಿಗಳನ್ನು ತೋರಿಸಿದವಳು ಅವಳು. ಬೈಬಲ್, ಧರ್ಮಕ್ಕಾಗಿ ಪ್ರಾಣಕೊಟ್ಟ ಕವೆನಂಟರ್‌ಗಳ ಕಥೆ, ಜೊತೆಗೆ ನರಕದ ಭಯ ತುಂಬಿದವಳೂ ಅವಳೇ. ಪದ್ಯಸಂಕಲನ ಅವಳಿಗೆ ಅರ್ಪಿತವಾಯಿತು. ಆಮೇಲೆ ಅವಳು ಹೆಸರುವಾಸಿಯಾದಳು, ಅಭಿಮಾನಿಗಳು ನೋಡಲು ಬರತೊಡಗಿದರು. 1913ರವರೆಗೆ ಬದುಕಿದ್ದಳು. ಹತ್ತಾರು ಸಲ ಹೇಳಿದ ನೆನಪು ಪ್ರತಿ ಸಲವೂ ಸ್ವಲ್ಪ ನುಣುಪಾಗುತ್ತದೆ. ಜೊತೆಗೆ ಆ ಅರ್ಪಣೆಯ ಪದ್ಯ ಓದಿದ ಯಾವ ಜೀವನಚರಿತ್ರೆಕಾರನಿಗೂ ನರಕಭಯದ ಬಗ್ಗೆ ಒರಟಾಗಿ ಬರೆಯಲು ಕೈ ಬರುವುದಿಲ್ಲ. ಸ್ಟೀವನ್‌ಸನ್ 1880ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬರೆದಿಟ್ಟ ಆತ್ಮಕಥೆಯ ತುಣುಕಿನಲ್ಲಿ ಆ ರಾತ್ರಿಗಳ ಭಯ ಹೆಚ್ಚು ಬಿಚ್ಚಾಗಿದೆ. ಅದನ್ನು ಹುಡುಕಿ ಓದಿ.

ಇನ್ನು ಬಾಲ್ಫೋರ್ ಮೆಲ್ಲಗೆ ದಾಟಿಹೋಗುವ ಜಾಗಗಳು. ಐದನೆಯ ಅಧ್ಯಾಯದ ಕೊನೆ ಮತ್ತು ಆರನೆಯದರ ಮೊದಲ ಭಾಗ ಓದುವಾಗ ನಿಧಾನಿಸಿ. 1873ರ ಜನವರಿ ಕೊನೆಯಲ್ಲಿ ತಂದೆ ಮಗನನ್ನು ಕೂರಿಸಿಕೊಂಡು ಅವನ ನಂಬಿಕೆಗಳ ಬಗ್ಗೆ ನೇರವಾಗಿ ಕೇಳಿದ. ಮಗ ನೇರವಾಗಿಯೇ ಹೇಳಿಬಿಟ್ಟ. ಫೆಬ್ರವರಿ 2ರಂದು ಬ್ಯಾಕ್ಸ್‌ಟರ್‌ಗೆ ಬರೆದ ಪತ್ರದಲ್ಲಿ ಮನೆ ಸೂತಕದ ಮನೆಯಂತಾಗಿದೆ ಎಂಬ ಸಂಕಟವಿದೆ. ಬಾಲ್ಫೋರ್ ಭಿನ್ನಾಭಿಪ್ರಾಯವನ್ನು ಅಲ್ಲಗಳೆಯುವುದಿಲ್ಲ, ಅದರ ಉರಿಯನ್ನು ಮಾತ್ರ ಆರಿಸಿ ಕೊಡುತ್ತಾನೆ. ಅದೇ ವರ್ಷ ಬೇಸಿಗೆಯಲ್ಲಿ ಸಫೊಕ್‌ನ ಕಾಕ್‌ಫೀಲ್ಡ್‌ನಲ್ಲಿ ಸ್ಟೀವನ್‌ಸನ್ ಫ್ರಾನ್ಸಿಸ್ ಸಿಟ್‌ವೆಲ್‌ಳನ್ನು ಕಂಡ. ತನಗಿಂತ ಹನ್ನೊಂದು ವರ್ಷ ದೊಡ್ಡವಳು, ಗಂಡನಿಂದ ದೂರವಾಗಲು ಹೊರಟವಳು. ಮುಂದಿನ ಎರಡು ವರ್ಷ ಅವಳಿಗೆ ಬರೆದ ಪತ್ರಗಳೇ ಅವನ ಯೌವನದ ನಿಜವಾದ ದಿನಚರಿ. 1901ರಲ್ಲಿ ಆಕೆ ಬದುಕಿದ್ದಳು. 1903ರಲ್ಲಿ ಕಾಲ್ವಿನ್‌ನನ್ನೇ ಮದುವೆಯಾದಳು. ಬಾಲ್ಫೋರ್‌ನ ಮೌನಕ್ಕೆ ಇಷ್ಟು ಕಾರಣ ಸಾಲದೇ?

ಈ ಮೌನವನ್ನು ಸಹಿಸದವನು ವಿಲಿಯಂ ಅರ್ನೆಸ್ಟ್ ಹೆನ್ಲಿ. 1875ರಲ್ಲಿ ಎಡಿನ್‌ಬರೋ ಆಸ್ಪತ್ರೆಯಲ್ಲಿ ಸ್ಟೀವನ್‌ಸನ್ನನ ಪರಿಚಯವಾಗಿ ಪ್ರಾಣಸ್ನೇಹಿತನಾದವನು, 1888ರಲ್ಲಿ ಜಗಳವಾಡಿ ದೂರವಾದವನು. 1901ರ ಡಿಸೆಂಬರ್‌ನಲ್ಲಿ ‘ಪಾಲ್ ಮಾಲ್’ ಮ್ಯಾಗಜೀನ್‌ನಲ್ಲಿ ಅವನು ಬಾಲ್ಫೋರ್‌ನ ಪುಸ್ತಕದ ಮೇಲೆ ಹರಿಹಾಯ್ದ: ಇದು ಚಾಕೊಲೇಟಿನ ದೇವದೂತ, ಸಕ್ಕರೆಗೊಂಬೆ, ತಾನು ಬಲ್ಲ ಮನುಷ್ಯನಲ್ಲ ಎಂದ. ಆರೋಪದಲ್ಲಿ ಹುರುಳಿದೆ. ಹೆನ್ಲಿಯ ಹೊಟ್ಟೆಯುರಿಯೂ ಅಷ್ಟೇ ಇದೆ. ಒಂದು ಸಂಗತಿ ಮರೆಯಬೇಡಿ: ಹೆನ್ಲಿ ಮೊದಲು ಕಂಡಾಗ ಸ್ಟೀವನ್‌ಸನ್ನನಿಗೆ ಇಪ್ಪತ್ತನಾಲ್ಕು ವರ್ಷ. ಬಾಲ್ಯದ ಬಗ್ಗೆ ಅವನೂ ಸಾಕ್ಷಿಯಲ್ಲ.

ಹಳೇ ಪುಸ್ತಕದ ರಾಶಿಯಲ್ಲಿ ನಿಮಗೆ 1924ರ ಸ್ಟುವರ್ಟ್, 1925ರ ಹೆಲ್‌ಮನ್ ಬರೆದ ಜೀವನಚರಿತ್ರೆಗಳೂ ಸಿಗಬಹುದು. ಅಲ್ಲಿ ಸಕ್ಕರೆಗೊಂಬೆ ಒಡೆದು ರಸಿಕ ಸ್ಟೀವನ್‌ಸನ್ ಹೊರಬರುತ್ತಾನೆ. ಎಡಿನ್‌ಬರೋದ ಬಡ ಹುಡುಗಿಯರೊಂದಿಗೆ ಪ್ರೇಮ, ‘ಕ್ಲೇರ್’ ಎಂಬ ರಹಸ್ಯ ನಾಯಕಿ, ತಡೆದ ಮದುವೆ ಎಲ್ಲ ಬರುತ್ತವೆ. ಓದಲು ಮಜವಾಗಿದೆ, ಉಲ್ಲೇಖಿಸಿದರೆ ಕೆಟ್ಟಿರಿ. 1951ರಲ್ಲಿ ಜೆ. ಸಿ. ಫರ್ನಾಸ್ ‘ವಾಯೇಜ್ ಟು ವಿಂಡ್‌ವರ್ಡ್’ನಲ್ಲಿ ಈ ಕಟ್ಟುಕಥೆಗಳನ್ನು ಒಂದೊಂದಾಗಿ ಬಿಚ್ಚಿ, ‘ಕ್ಲೇರ್’ ಎಂದರೆ ಸಿಟ್‌ವೆಲ್‌ಳಿಗೆ ಇಟ್ಟ ಹೆಸರೇ ಎಂದು ತೋರಿಸಿದ. ಅಂತರ್ಜಾಲದಲ್ಲಿ ಇವತ್ತಿಗೂ ಆ ರಹಸ್ಯ ನಾಯಕಿ ಓಡಾಡುತ್ತಿದ್ದಾಳೆ. ಪತ್ರಗಳ ಮಟ್ಟಿಗೂ ಇದೇ ಎಚ್ಚರ. ಕಾಲ್ವಿನ್ 1899ರಲ್ಲಿ ತಂದ ಆವೃತ್ತಿಯಲ್ಲಿ ಕತ್ತರಿ ಧಾರಾಳವಾಗಿ ಆಡಿದೆ. ಬೂತ್ ಮತ್ತು ಮೆಹ್ಯೂ ಸಂಪಾದಿಸಿ ಯೇಲ್ ವಿಶ್ವವಿದ್ಯಾಲಯದ ಪ್ರಕಾಶನ 1994–95ರಲ್ಲಿ ಎಂಟು ಸಂಪುಟಗಳಲ್ಲಿ ಹೊರತಂದ ಆವೃತ್ತಿಯಲ್ಲಿ ಸುಮಾರು 2,800 ಪತ್ರಗಳಿವೆ. ನಿಮಗೆ ಬೇಕಾದದ್ದು ಮೊದಲ ಎರಡು ಸಂಪುಟ ಮಾತ್ರ.

ಕಾಯಿಲೆಯ ಬಗ್ಗೆ ‘ಕ್ಷಯ’ ಎಂದು ಸಲೀಸಾಗಿ ಬರೆಯಬೇಡಿ. ಕ್ಷಯದ ಜೀವಾಣುವನ್ನು ಕಾಖ್ ಗುರುತಿಸಿದ್ದೇ 1882ರಲ್ಲಿ. ಬಾಲ್ಯದಲ್ಲಿ ಇದ್ದದ್ದು ಕೆಮ್ಮು, ಜ್ವರ, ಗಂಟಲು ಕಟ್ಟುವ ಕ್ರೂಪ್. ವಯಸ್ಸಾದ ಮೇಲಿನ ರಕ್ತ ಕಾರುವಿಕೆಗೆ ಆನುವಂಶಿಕ ರಕ್ತನಾಳದ ದೋಷ ಕಾರಣವಿರಬಹುದು ಎಂಬ ವೈದ್ಯಕೀಯ ವಾದ 2000ದಲ್ಲಿ ಪ್ರಕಟವಾಯಿತು. ‘ಎದೆಯ ಕಾಯಿಲೆ’ ಎಂದರೆ ಯಾರೂ ಆಕ್ಷೇಪಿಸರು.

ಲೇಖನಗಳಲ್ಲಿ ಪದೇ ಪದೇ ತಪ್ಪುವ ಕೆಲವನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಟ್ಟಿದ್ದು 1850ರ ನವೆಂಬರ್ 13, 8 ಹೋವರ್ಡ್ ಪ್ಲೇಸ್. 17 ಹೆರಿಯಟ್ ರೋ ಮನೆಗೆ ಬಂದದ್ದು 1857ರಲ್ಲಿ, ನಡುವೆ ತೇವ ಹಿಡಿದ 1 ಇನ್ವರ್‌ಲೀತ್ ಟೆರೇಸ್. ಬೆಲ್ ರಾಕ್ ದೀಪಸ್ತಂಭ ಅಜ್ಜ ರಾಬರ್ಟನದು, ಸ್ಕೆರಿವೋರ್ ದೊಡ್ಡಪ್ಪ ಆಲನ್‌ನದು, ತಂದೆಯದಲ್ಲ. ತಂದೆ ಮತ್ತು ಡೇವಿಡ್ ಸೇರಿ ಕಟ್ಟಿಸಿದ್ದು ಡೂ ಹಾರ್ಟಾಕ್. ಅದರ ಕೆಲಸ ನಡೆದಾಗ 1870ರಲ್ಲಿ ಇವನು ಎರೇಡ್ ದ್ವೀಪದಲ್ಲಿದ್ದ, ಆ ದ್ವೀಪವೇ ಮುಂದೆ ಅವನ ‘ಕಿಡ್ನ್ಯಾಪ್ಡ್’ ಕಾದಂಬರಿಗೆ ಬಂತು. ಇಂಜಿನಿಯರಿಂಗ್ ಪದವಿ ಅವನು ಪಡೆಯಲೇ ಇಲ್ಲ. 1866ರಲ್ಲಿ ಅಚ್ಚಾದ ‘ಪೆಂಟ್‌ಲ್ಯಾಂಡ್ ರೈಸಿಂಗ್’ ಕಿರುಹೊತ್ತಗೆ, ಕಾದಂಬರಿಯಲ್ಲ. ಹೆಸರಿನ ಕಾಗುಣಿತವನ್ನು ಹದಿನೆಂಟರ ಸುಮಾರಿಗೆ ಫ್ರೆಂಚ್ ರೀತಿಗೆ ಬದಲಿಸಿದರೂ ಉಚ್ಚಾರ ಬದಲಾಗಲಿಲ್ಲ, ಆದ್ದರಿಂದ ಕನ್ನಡದಲ್ಲಿ ‘ಲೂಯಿಸ್’ ಎಂದೇ ಬರೆಯಿರಿ.

ಈಗ ಪುಸ್ತಕದ ಮೈಯ ವಿಚಾರ. 1901 ಎಂದು ಅಂಗಡಿಯವರು ಹೇಳಿದರೆ ಸಾಲದು, ಶೀರ್ಷಿಕೆ ಪುಟದ ಬೆನ್ನು ನೋಡಿ. ಲಂಡನ್ನಿನ ಮೆಥ್ಯುಯೆನ್ ಪ್ರಕಾಶನ ಮರುಮುದ್ರಣಗಳ ವಿವರವನ್ನು ಸಾಮಾನ್ಯವಾಗಿ ಅಲ್ಲೇ ಹಾಕುತ್ತಿತ್ತು. ಒಂದೇ ಸಂಪುಟದ ಸಂಕ್ಷಿಪ್ತ ಆವೃತ್ತಿಯೂ ಮುಂದೆ ಬಂದದ್ದರಿಂದ ‘ಮೊದಲ ಸಂಪುಟ’ ಎಂಬ ಗುರುತು ಒಳಗೂ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಅಂಗಡಿಯಲ್ಲಿ ಇಂಥ ಇನ್ನೊಂದು ಹಳೆಯ ಪುಸ್ತಕ ಕಂಡು ಅದರ ಮೇಲೆ ‘ಕಲೋನಿಯಲ್ ಲೈಬ್ರರಿ’ ಎಂದಿದ್ದರೆ ಅದು ಇಂಡಿಯಾ ಮತ್ತಿತರ ವಸಾಹತುಗಳಲ್ಲಿ ಮಾರಲೆಂದೇ ಹೊರಡಿಸಿದ ಪ್ರತಿ. ಓದಲು ಅಡ್ಡಿಯಿಲ್ಲ.

ಹಾಳೆ ಪೂರ್ತಿ ಇವೆಯೇ ಎಂದು ತಿಳಿಯಲು ಪುಟಸಂಖ್ಯೆ ಎಣಿಸುತ್ತ ಕೂರಬೇಕಿಲ್ಲ. ಆ ಕಾಲದ ಬ್ರಿಟಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಪ್ರತಿ 16 ಪುಟದ ಮಡಿಕೆಯ ಮೊದಲ ಪುಟದ ಅಡಿಯಲ್ಲಿ ಒಂದು ಸಣ್ಣ ಇಂಗ್ಲಿಷ್ ಅಕ್ಷರವಿರುತ್ತದೆ. ಆ ಅಕ್ಷರಗಳು ಸರದಿಯಲ್ಲಿ ಬರುತ್ತಿವೆಯೇ ನೋಡಿ. ಜೆ, ವಿ, ಡಬ್ಲ್ಯು ಇರುವುದಿಲ್ಲ, ಅದು ಲೋಪವಲ್ಲ, ಪದ್ಧತಿ. ಚಿತ್ರಪುಟಗಳು ಈ ಲೆಕ್ಕದಲ್ಲಿ ಸೇರಿರುವುದಿಲ್ಲ. ಅವು ಬೇರೆಯಾಗಿ ಅಚ್ಚಾಗಿ ಅಂಟಿಸಿದವು, ಮೊದಲು ಕಳಚಿಹೋಗುವವೂ ಅವೇ. ಚಿತ್ರಗಳ ಪಟ್ಟಿ ಹಿಡಿದು ಒಂದೊಂದನ್ನೂ ತಾಳೆ ನೋಡಿ.

ಕಂದು ಚುಕ್ಕೆ ತೇವದಿಂದಲೂ ಕಾಗದದಲ್ಲೇ ಇದ್ದ ಕಬ್ಬಿಣದ ಕಣ ಮತ್ತು ಬೂಷ್ಟಿನಿಂದಲೂ ಬಂದದ್ದು. ಬ್ಲೀಚ್ ಹಾಕಿ ತೆಗೆಯಲು ಹೋದರೆ ಕಾಗದ ಪುಡಿಯಾಗುತ್ತದೆ, ಹಾಗೇ ಬಿಡಿ. ಹುಳು ಹಿಡಿದಿರುವ ಅನುಮಾನವಿದ್ದರೆ ಬಿಸಿಲಿಗೆ ಒಡ್ಡಬೇಡಿ. ಒಣಗಿದ ಪುಸ್ತಕವನ್ನು ಎರಡು ಪಾಲಿಥಿನ್ ಚೀಲಗಳಲ್ಲಿ ಗಾಳಿಯಾಡದಂತೆ ಕಟ್ಟಿ ಡೀಪ್ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹಾಳೆಯ ಮೇಲೆ ನೀರು ಕಟ್ಟುತ್ತದೆ. ಸಡಿಲ ರಟ್ಟಿಗೆ ಸೆಲ್ಲೋಟೇಪ್ ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಬೈಂಡಿಂಗ್‌ಗೆ ಕೊಡುವುದಾದರೆ ಎರಡು ಮಾತು ಬರೆದೇ ಕೊಡಿ: ಅಂಚು ಕತ್ತರಿಸಬಾರದು, ಬದಿಯಿಂದ ಚುಚ್ಚಿ ಹೊಲಿಯಬಾರದು. ಹಾಗೆ ಹೊಲಿದರೆ ಒಳಅಂಚಿನ ಅಕ್ಷರಗಳು ಹೊಲಿಗೆಯೊಳಗೆ ಹೋಗಿ ಪುಸ್ತಕ ತೆರೆಯುವುದೇ ಇಲ್ಲ. ರಟ್ಟು ಪುಸ್ತಕಕ್ಕೆ ಸೇರುವ ಒಳಕೀಲು ಬಿರಿದ ಕಡೆ ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯ ಅಂಟಿನಿಂದ ಹಚ್ಚಿಸಿದರೆ ಸಾಕು.

ಬಾಲ್ಫೋರ್ 1929ರಲ್ಲಿ ತೀರಿಕೊಂಡದ್ದರಿಂದ ಭಾರತದ ಕಾಯ್ದೆಯ ಪ್ರಕಾರ ಅವನ ಪುಸ್ತಕದ ಹಕ್ಕುಸ್ವಾಮ್ಯ ಮುಗಿದಿದೆ. ಅನುವಾದಿಸಿ ಉದ್ಧರಿಸಲು ಯಾರ ಅನುಮತಿಯೂ ಬೇಡ. ಫರ್ನಾಸ್ ಪುಸ್ತಕಕ್ಕೂ ಯೇಲ್ ಆವೃತ್ತಿಯ ಟಿಪ್ಪಣಿಗಳಿಗೂ ಇದು ಅನ್ವಯಿಸದು, ಅಲ್ಲಿಂದ ಸಂಗತಿ ತೆಗೆದುಕೊಳ್ಳಿ, ಉದ್ದುದ್ದ ಪ್ಯಾರಾ ಬೇಡ. ಕೊನೆಗೆ, ಪುಸ್ತಕದಲ್ಲಿ ಯಾವುದಾದರೂ ಗ್ರಂಥಾಲಯದ ಮುದ್ರೆ ಕಂಡರೆ ‘ರದ್ದು’ ಎಂಬ ಇನ್ನೊಂದು ಮುದ್ರೆಯೂ ಇದೆಯೇ ಹುಡುಕಿ. ಇಲ್ಲದಿದ್ದರೆ ಬೈಂಡಿಂಗ್‌ಗೆ ದುಡ್ಡು ಸುರಿಯುವ ಮೊದಲು ಆ ಗ್ರಂಥಾಲಯಕ್ಕೆ ಒಂದು ಕಾಗದ ಬರೆದು ವಿಚಾರಿಸಿ.